ಊಟಕ್ಕೆ ಹೋದ ಕೊಪ್ಪರಿಗೆ

ನೇರಳಕೋಟೆಯ ರಾಜ ರಣಮಲ್ಲರಾಯನಿಗೆ ತನ್ನ ಸೈನ್ಯಕ್ಕಿಂತ ತನ್ನ ನೋಟದ ಮನೆಯ ಮೇಲೆ ಹೆಚ್ಚು ಹೆಮ್ಮೆ. ಅವನ ಅಪ್ಪ, ತಾತ, ಮುತ್ತಾತ ಯುದ್ಧಕ್ಕೆ ಹೋದಲ್ಲೆಲ್ಲ ಕೈಗೆ ಸಿಕ್ಕಿದ್ದನ್ನು ಹೊತ್ತು ತಂದಿದ್ದರು. ಸೋತ ರಾಜನ ಎಡಗಾಲಿನ ಜೋಡು, ಓಡಿಹೋದ ಸೇನಾಪತಿಯ ಬಾಚಣಿಗೆ, ಯಾರದೋ ತೊಟ್ಟಿಲು, ಎಲ್ಲವೂ ಹಗ್ಗದ ಬೇಲಿಯೊಳಗೆ ಜರಿ ದಿಂಬಿನ ಮೇಲಿದ್ದವು. ಮುಂದೆ ‘ನೋಡಿ, ಮುಟ್ಟಬೇಡಿ’ ಎಂಬ ಹಲಗೆ. ಪಕ್ಕದಲ್ಲಿ ನರಹರಿ ಪಂಡಿತರು. ಅವರ ವಿವರಣೆಯನ್ನು ಕೊನೆಯತನಕ ಕೇಳದೆ ಯಾರೂ ಕದಲಬಾರದು ಎಂಬುದು ರಾಜನದೇ ಅಪ್ಪಣೆ. ಬಾಚಣಿಗೆ ನೋಡಲು ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು.

“ಈ ಮನೆಯ ಹೊಸಿಲು ದಾಟಿ ಒಳಗೆ ಬಂದದ್ದು ಹೊರಗೆ ಹೋದದ್ದೇ ಇಲ್ಲ” ಎಂದು ರಾಜ ಆಗಾಗ ಹೇಳಿಕೊಳ್ಳುತ್ತಿದ್ದ.

ಒಂದು ದಿನ ಮುತ್ತುಗದಹಳ್ಳಿಯಿಂದ ದ್ಯಾವಮ್ಮ ಎಂಬ ಮುದುಕಿ ಸಭೆಗೆ ಬಂದಳು. ರಾಜನ ತಾತ ಅವರ ಊರಿನ ದೊಡ್ಡ ತಾಮ್ರದ ಕೊಪ್ಪರಿಗೆಯನ್ನು ಎತ್ತಿಕೊಂಡು ಬಂದಿದ್ದ. ಹಿಂದೆ ಹಬ್ಬ ಬಂದರೆ ಊರಿನ ಕಡುಬೆಲ್ಲ ಅದೊಂದರಲ್ಲೇ ಬೇಯುತ್ತಿತ್ತು, ಊರೆಲ್ಲ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿತ್ತು. ಅದು ಹೋದ ಮೇಲೆ ಮನೆಗೊಂದು ಒಲೆ, ಒಲೆಗೊಂದು ಜಗಳ. ಮೇಲಿನ ಕೇರಿಯವರು ಕೆಳಗಿನ ಕೇರಿಯವರೊಡನೆ ಮಾತೇ ಬಿಟ್ಟಿದ್ದರು.

“ನಾನು ಕಣ್ಣು ಮುಚ್ಚೋದರೊಳಗೆ ಒಂದು ಸಲ ಎಲ್ಲರೂ ಒಟ್ಟಿಗೆ ಕೂತು ಉಣ್ಣೋದನ್ನ ನೋಡಬೇಕು, ಬುದ್ಧಿ. ನಮ್ಮ ಕೊಪ್ಪರಿಗೆ ಕೊಟ್ಟುಬಿಡಿ” ಎಂದಳು.

ರಾಜ ಸಮಾಧಾನವಾಗಿಯೇ ಉತ್ತರ ಕೊಟ್ಟ. ಊರಿನಲ್ಲಾದರೆ ಅದಕ್ಕೆ ಮಸಿ ಹಿಡಿಯುತ್ತದೆ, ಇಲ್ಲಿ ದಿನವೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಅಲ್ಲಿ ನಿಮ್ಮೂರವರಷ್ಟೇ ನೋಡುತ್ತಾರೆ, ಇಲ್ಲಿ ದೇಶದೇಶದವರು ನೋಡುತ್ತಾರೆ. ನೀನೂ ಬೇಕಾದಾಗ ಬಂದು ಕಣ್ತುಂಬ ನೋಡಿಕೊಂಡು ಹೋಗು ಎಂದ.

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಸ್ಥಾನದ ವಿದೂಷಕ ಹಂಪಣ್ಣನಿಗೆ ಅದನ್ನು ನೋಡಲಾಗಲಿಲ್ಲ. ಅವನು ಎದ್ದು ನಿಂತು, ಗೌರಿಹಬ್ಬದ ದಿನ ಕೊಪ್ಪರಿಗೆ ಕೊಡಬೇಕೆಂದು ಪ್ರಭುಗಳ ಬಾಯಿಂದಲೇ ಹೇಳಿಸುತ್ತೇನೆ ಎಂದ.

“ಹೇಳಿಸದಿದ್ದರೆ?” ಎಂದ ರಾಜ.

“ನನ್ನನ್ನೇ ಜರಿ ದಿಂಬಿನ ಮೇಲೆ ಕೂರಿಸಿ. ಪಂಡಿತರ ವಿವರಣೆಯನ್ನು ಸಾಯುವತನಕ ಕೇಳುತ್ತೇನೆ.”

ಇಷ್ಟು ಘೋರವಾದ ಶಿಕ್ಷೆಯನ್ನು ಯಾರೂ ಕೇಳಿರಲಿಲ್ಲ. ರಾಜ ಒಪ್ಪಿದ. ಹಬ್ಬದ ದಿನ ಮುತ್ತುಗದಹಳ್ಳಿಯ ಹೆಂಗಸರು ಅರಮನೆಯಲ್ಲಿ ಅದೇ ಕೊಪ್ಪರಿಗೆಯಲ್ಲಿ ಒಮ್ಮೆ ಕಡುಬು ಬೇಯಿಸಲಿ ಎಂದು ಹಂಪಣ್ಣ ಬೇಡಿಕೊಂಡ. ಕಡುಬೆಂದರೆ ರಾಜನಿಗೆ ಪ್ರಾಣ. ಅದಕ್ಕೂ ಒಪ್ಪಿದ.

ಹಬ್ಬದ ದಿನ ಪೂಜೆ ಮುಗಿಯುವತನಕ ರಾಜನಿಗೆ ಉಪವಾಸ. ಕಾಯಿಬೆಲ್ಲದ ಘಮ ಅರಮನೆ ತುಂಬಿತ್ತು. ರಾಜ ಎಲೆಯ ಮುಂದೆ ಕೂತ. ಕೋಸಂಬರಿ ಬಂತು, ಪಾಯಸ ಬಂತು, ಕಡುಬು ಮಾತ್ರ ಬರಲಿಲ್ಲ. ಕೇಳಿದರೆ, ಅದು ನೋಟದ ಮನೆಯಲ್ಲಿದೆ ಎಂದ ಹಂಪಣ್ಣ.

ರಾಜ ಎಲೆ ಬಿಟ್ಟು ಓಡಿದ. ಅಲ್ಲಿ ಜರಿ ದಿಂಬಿನ ಮೇಲೆ ಕಡುಬಿನ ರಾಶಿ ಹಬೆಯಾಡುತ್ತಿತ್ತು. ಪಕ್ಕದಲ್ಲೇ, ತೊಳೆದು ತಂದಿಟ್ಟ ಕೊಪ್ಪರಿಗೆ. ರಾಜ ಕೈ ಚಾಚಿದ. ಕಾವಲುಗಾರ ಕೈಮುಗಿದು ಹಲಗೆ ತೋರಿಸಿದ. ಅಷ್ಟರಲ್ಲಿ ಪಂಡಿತರು ಗಂಟಲು ಸರಿಮಾಡಿಕೊಂಡು, ಕಡುಬು ಎಂಬ ಶಬ್ದ ಎಲ್ಲಿಂದ ಬಂತೆಂದು ಶುರುಮಾಡಿದರು. ಸ್ವಂತ ಅಪ್ಪಣೆಯನ್ನು ಮೀರುವ ಹಾಗಿಲ್ಲ, ರಾಜ ನಿಂತು ಕೇಳಿದ. ಸ್ವಲ್ಪ ಹೊತ್ತಿಗೆ ಅವನ ಹೊಟ್ಟೆ ಗುರ್ರೆಂದಿತು. ಪಂಡಿತರು ಮಾತು ನಿಲ್ಲಿಸಿ, ಏನಾದರೂ ಪ್ರಶ್ನೆ ಇದೆಯೇ ಎಂದು ವಿನಯದಿಂದ ಕೇಳಿದರು.

“ಹಂಪಣ್ಣ, ಒಂದೇ ಒಂದು ಕೊಡೋ” ಎಂದ ರಾಜ.

“ಪ್ರಭುಗಳ ಹೊಟ್ಟೆಯಲ್ಲಿ ಅದು ಭದ್ರವಾಗಿರುವುದಿಲ್ಲ. ಅಲ್ಲಿಗೆ ಹೋದ ಯಾವ ಕಡುಬೂ ಇದುವರೆಗೆ ಕಡುಬಾಗಿ ಉಳಿದಿಲ್ಲ. ಇಲ್ಲಿದ್ದರೆ ದೇಶದೇಶದವರು ನೋಡುತ್ತಾರೆ. ತಾವೂ ಬೇಕಾದಾಗ ಬಂದು ಕಣ್ತುಂಬ ನೋಡಿಕೊಂಡು ಹೋಗಬಹುದು.”

“ಕಣ್ಣು ತುಂಬಿಸಿಕೊಂಡು ಏನಯ್ಯ ಮಾಡಲಿ, ಹೊಟ್ಟೆ ಖಾಲಿ ಇದೆ. ಅಡುಗೆಮನೆಯಲ್ಲಿರಬೇಕಾದ್ದನ್ನು ದಿಂಬಿನ ಮೇಲೆ ಕೂರಿಸುವವನಂಥ ಮೂರ್ಖ ಬೇರೆ ಇಲ್ಲ. ಉಣ್ಣುವವರಿಗೆ ಕೊಟ್ಟುಬಿಡು.”

ಹಂಪಣ್ಣ ಕೊಪ್ಪರಿಗೆಯ ಕಡೆ ನೋಡಿದ. ರಾಜನೂ ನೋಡಿದ. ಅವನ ಕಿವಿ ಕೆಂಪಾಯಿತು. ಆಮೇಲೆ ಖಾಲಿ ಹೊಟ್ಟೆ ಕುಲುಕುವಂತೆ ನಕ್ಕ. ತಾನೇ ಹಗ್ಗ ಬಿಚ್ಚಿ, ಒಂದು ಕಡುಬು ಬಾಯಿಗಿಟ್ಟುಕೊಂಡು, ಕೊಪ್ಪರಿಗೆಗೆ ಗಾಡಿ ಹೂಡಿಸಿ ಎಂದ. ಬಾಯಿ ತುಂಬಿದ್ದುದರಿಂದ ಅದು ಯಾರಿಗೂ ತಿಳಿಯಲಿಲ್ಲ. ಹಂಪಣ್ಣನೇ ಬಿಡಿಸಿ ಹೇಳಿದ.

ಮರುದಿನದ ಗಣೇಶನ ಚೌತಿಗೆ ಮುತ್ತುಗದಹಳ್ಳಿಯ ಎರಡೂ ಕೇರಿಯವರು ಒಂದೇ ಪಂಕ್ತಿಯಲ್ಲಿ ಕೂತರು. ತುಪ್ಪ ಯಾರಿಗೆ ಮೊದಲು ಬಡಿಸಬೇಕೆಂದು ಜೋರು ವಾದವಾಯಿತು. ಕೊನೆಗೂ ಮಾತಾಡಿದರಲ್ಲ ಎಂದು ದ್ಯಾವಮ್ಮ ಹಿಗ್ಗಿದಳು.

ಇತ್ತ ನೋಟದ ಮನೆಯಲ್ಲಿ ಕೊಪ್ಪರಿಗೆಯ ಜಾಗ ಖಾಲಿ. ಬಂದವರಿಗೆ ಏನು ಹೇಳಲಿ ಎಂದು ಪಂಡಿತರಿಗೆ ಚಿಂತೆಯಾಯಿತು. ಹಂಪಣ್ಣ ಹಲಗೆಯ ಮೇಲೆ ‘ಕೊಪ್ಪರಿಗೆ ಊಟಕ್ಕೆ ಹೋಗಿದೆ’ ಎಂದು ಬರೆದಿಟ್ಟ.

“ಯಾವಾಗ ಬರುತ್ತದೆ ಎಂದು ಜನ ಕೇಳಿದರೆ?” ಎಂದ ರಾಜ.

“ಊಟಕ್ಕೆ ಹೋದ ತಮ್ಮ ಅಧಿಕಾರಿಗಳು ಬಂದ ಮೇಲೆ ಬರುತ್ತದೆ ಅನ್ನೋಣ, ಪ್ರಭು. ಆಮೇಲೆ ಯಾರೂ ಕೇಳುವುದಿಲ್ಲ.”