ಸಹಾಯಧನದ ಕೊಟ್ಟಿಗೆ

ದನ ಮೇಯುವ ಕಾವಲಿನ ಅಂಚಿನ ಒಂದೂರಲ್ಲಿ ಗೂಳಪ್ಪನೆಂಬವನು ಸರ್ಕಾರದ ಸಹಾಯಧನದ ಆಸೆಗೆ ಹೊಸ ಕೊಟ್ಟಿಗೆ ಕಟ್ಟಿಸಿದ. ಕಟ್ಟಲು ಅವನಲ್ಲಿ ದನವೇ ಇರಲಿಲ್ಲ. ಒಳಗೆ ದನ ನಿಂತಿರುವ ಫೋಟೋ ಇಲ್ಲದೆ ಹಣ ಬಿಡುಗಡೆಯಾಗದು. ಹಾಗಾಗಿ ಅಧಿಕಾರಿಗಳು ಬರುವ ದಿನ ಪಕ್ಕದ ಮನೆಯ ನಿಂಗಜ್ಜಿಯ ಕೆಂದು ಬಣ್ಣದ ಹಸುವನ್ನು ಕೇಳಿ ತಂದು ಕಟ್ಟಿದ.

ಕೊಟ್ಟಿಗೆಗೆ ಹಿಗ್ಗೋ ಹಿಗ್ಗು. "ಬಾ ತಾಯಿ, ನಿನ್ನ ದಾರಿಯನ್ನೇ ಕಾಯುತ್ತಿದ್ದೆ. ಗೋವು ಕಾಲಿಡದೆ ಗೃಹಪ್ರವೇಶ ಆದೀತೇ?" ಎಂದಿತು.

"ಹಿಗ್ಗಬೇಡ ಮಾರಾಯ," ಎಂದಿತು ಹಸು. "ಈ ಊರಿನ ಹೊಸ ಕೊಟ್ಟಿಗೆಗಳಲ್ಲೆಲ್ಲ ನಾನೇ ನಿಂತು ಬಂದಿದ್ದೇನೆ. ಫೋಟೋ ಆದಮೇಲೆ ಒಂದು ಹಿಡಿ ಹುಲ್ಲು ಹಾಕಿದವರಿಲ್ಲ."

"ಇವತ್ತೊಂದು ದಿನ ಇರಲಾರೆಯಾ? ನನ್ನ ಗೋದಲಿ ಇನ್ನೂ ಹುಲ್ಲಿನ ವಾಸನೆಯನ್ನೇ ಕಂಡಿಲ್ಲ."

"ಇರಬಹುದಿತ್ತು. ಕಟ್ಟುವುದೂ ಬಿಚ್ಚುವುದೂ ಅವರ ಇಷ್ಟ."

ಅಧಿಕಾರಿಗಳು ಬಂದರು, ಫೋಟೋ ತೆಗೆದರು, ಹೋದರು. ನಿಂಗಜ್ಜಿ ಬಂದು ಹಗ್ಗ ಬಿಚ್ಚಿದಳು. "ನಿನ್ನ ಕೊಟ್ಟಿಗೆ ಚೆನ್ನಾಗಿದೆ ಕಣೋ ಗೂಳಪ್ಪ, ನೀನೇ ಇದ್ದುಬಿಡು ಅದರಲ್ಲಿ!" ಎಂದು ನಕ್ಕು, ಹಸುವನ್ನು ಹೊಡೆದುಕೊಂಡು ನಡೆದಳು.

ಹೋಗುವ ಮುಂಚೆ ಹಸು ನೆಲಕ್ಕೆ ಒಂದಿಷ್ಟು ಸಗಣಿ ಹಾಕಿತ್ತು. ಅದಿನ್ನೂ ಬೆಚ್ಚಗಿತ್ತು. ದೇವರು ಪ್ರಸಾದ ಕೊಟ್ಟನೆಂದು ಕೊಟ್ಟಿಗೆ ಅದನ್ನು ಎದೆಗವಚಿಕೊಂಡಿತು. "ಇದೊಂದಾದರೂ ಇರಲಿ ಯಜಮಾನ," ಎಂದು ಬೇಡಿತು.

ಗೂಳಪ್ಪನಿಗೆ ಕೇಳಿಸಲಿಲ್ಲ. ಬಿಂದಿಗೆ ನೀರು ಸುರಿದು ನೆಲವನ್ನು ಚೊಕ್ಕಟವಾಗಿ ತೊಳೆದ. ಆಮೇಲೆ ಗೇಟಿಗೆ ಬೀಗ ಹಾಕಿಕೊಂಡು ಹೋದ.