ಮುಳ್ಳಿಗೆ ಹುಟ್ಟಿದ ಭಯ

ಬೀಗರೂಟಕ್ಕೆ ಬಂದ ಚೆನ್ನವೀರಪ್ಪನವರು ಚಪ್ಪರದ ಹೊರಗೆ ಚಪ್ಪಲಿ ಬಿಟ್ಟು ಹೆಜ್ಜೆಯಿಟ್ಟರು. ಅಲ್ಲಿ ಬಿದ್ದಿದ್ದ ಜಾಲಿಮುಳ್ಳು ಅವರ ಬಲಪಾದಕ್ಕೆ ಬುಡದವರೆಗೂ ನಾಟಿತು. ಈಗ ಚೀರುತ್ತಾರೆ, ಈಗ ಕಿತ್ತೆಸೆಯುತ್ತಾರೆ ಎಂದು ಮುಳ್ಳು ಕಾದೇ ಕಾದಿತು. ಚೀರಾಟವೇ ಇಲ್ಲ. ಮುಳ್ಳಿಗೇ ಎದೆ ಝಲ್ಲೆಂದಿತು.

"ಪಾದದಣ್ಣಾ, ನೋಯಲಿಲ್ಲವೇ?"

"ನನಗೆ ಯಾವ ನೋವೂ ಇಲ್ಲಪ್ಪ," ಎಂದು ಪಾದ ಬೀಗಿತು.

ಹಿಂದೆ ಉಳಿದ ಬಲಚಪ್ಪಲಿ ಕೂಗಿತು: "ಸಕ್ಕರೆ ಕಾಯಿಲೆ ಅದರ ಸ್ಪರ್ಶವನ್ನೇ ತಿಂದುಹಾಕಿದೆ, ತಮ್ಮಾ! ಯಜಮಾನರು ಬಾಯಿ ಕಟ್ಟಲಿಲ್ಲ, ನಮ್ಮನ್ನು ಮೆಟ್ಟಿಕೊಂಡು ದಿನಾ ನಡೆಯಲಿಲ್ಲ, ರಕ್ತ ಪರೀಕ್ಷೆ ಮಾಡಿಸಲಿಲ್ಲ, ಅಂಗಾಲು ತಿರುಗಿಸಿ ನೋಡಲೂ ಇಲ್ಲ. ಇನ್ನು ನೀನಿದ್ದಲ್ಲೇ ಕಾಲು ಕೊಳೆಯುತ್ತದೆ."

"ಅಯ್ಯೋ, ನನ್ನನ್ನು ಕೀಳಿ!" ಎಂದು ಮುಳ್ಳು ಅಂಗಲಾಚಿತು. ಪಾದ ಹೋಳಿಗೆಯ ಪಂಕ್ತಿಯತ್ತ ಸರಸರ ನಡೆಯಿತು.

ಎಡಚಪ್ಪಲಿ ಸಣ್ಣ ದನಿಯಲ್ಲಿ ಕೇಳಿತು: "ಅಕ್ಕಾ, ನಾವಿನ್ನು ಎಷ್ಟು ದಿನ ಜೋಡಿ?"