ಚಾದರದ ಮೇಲೆ ಉಂಡೆ ಬಂದದ್ದು

ಲೋಕ ಇನ್ನೂ ಹೊಸದಾಗಿತ್ತು. ಹಳ್ಳಕ್ಕೆ ಯಾವ ಕಡೆ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಗಾಳಿ ಹೇಳದೆ ಕೇಳದೆ ಎಲ್ಲರ ಮನೆಗೂ ನುಗ್ಗುತ್ತಿತ್ತು. ಎರೆಹೊಲದ ಹತ್ತಿಗಿಡ ಬಾಯಿಬಿಟ್ಟು ಮಾತಾಡುತ್ತಿತ್ತು. ಆಗ ಚಾದರ ಅಂತ ಒಂದು ವಸ್ತುವೇ ಇರಲಿಲ್ಲ. ಜನ ಹುಲ್ಲಿನ ಮೇಲೆ ಮಲಗಿ, ಬೆನ್ನು ಕೆರೆದುಕೊಳ್ಳುತ್ತಾ ಏಳುತ್ತಿದ್ದರು.

ಆ ಹೊಲದ ಪಕ್ಕದಲ್ಲಿ ಬಾಳವ್ವ ಎಂಬ ಹೆಂಗಸು ಇದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳ ಮಗಳು ಚೆನ್ನಿ ಹೆರಿಗೆಗೆ ತವರಿಗೆ ಬಂದು ಹೆಣ್ಣು ಕೂಸನ್ನು ಹೆತ್ತಿದ್ದಳು. ಹುಲ್ಲು ಚುಚ್ಚಿ ಕೂಸಿನ ಎಳೆಯ ಬೆನ್ನು ಕೆಂಪಗಾಗಿತ್ತು. ಅದು ಅತ್ತಾಗಲೆಲ್ಲ ಬಾಳವ್ವ ಎತ್ತಿಕೊಂಡು ಬೆನ್ನು ಸವರುತ್ತಿದ್ದಳು.

ಅವಳು ಹತ್ತಿಗಿಡದ ಹತ್ತಿರ ಹೋದಳು.

“ನಿನ್ನ ಅರಳಿ ಕೊಡವಾ ತಾಯಿ. ಕೂಸಿಗೆ ಮೆತ್ತಗ ಒಂದು ಹಾಸು ಮಾಡತೀನಿ.”

ಹತ್ತಿಗಿಡ ತಕ್ಷಣ ಹೂಂ ಅನ್ನಲಿಲ್ಲ. ಅದರ ಒಂದೊಂದು ಕಾಯಿಯೊಳಗೂ ತುಂಬಿದ ಸಂಸಾರ. ಉದ್ದನೆಯ ಎಳೆಗಳು ಅಕ್ಕಂದಿರು, ಗಿಡ್ಡ ಎಳೆಗಳು ತಂಗಿಯರು.

“ಕೊಡತೀನಿ ಬಾಳವ್ವಾ. ಆದರ ಉದ್ದನ ಎಳಿ ಅಷ್ಟ ಆರಿಸ್ಕೊಂಡು, ಗಿಡ್ಡ ಎಳಿ ಗಾಳಿಗೆ ತೂರಬ್ಯಾಡ. ಒಂದ ಕಾಯಾಗ ಹುಟ್ಟಿದಾವು, ಒಂದ ಮನ್ಯಾಗ ಇರಲಿ. ತೂರಿದಿ ಅಂದ್ರ ನಾ ಮತ್ತ ಅರಳಿ ಕೊಡಂಗಿಲ್ಲ ನೋಡು.”

“ಆಗಲವ್ವಾ,” ಎಂದಳು ಬಾಳವ್ವ.

ಕಾಯಿ ಬಿಡಿಸುವಾಗ ಹತ್ತಿಗಿಡ ಅಕ್ಕಂದಿರಿಗೂ ಒಂದು ಮಾತು ಹೇಳಿತು. “ಸಣ್ಣವರ ಕೈ ಬಿಡಬ್ಯಾಡ್ರಿ.”

ಬಾಳವ್ವ ಒಂದು ಎಳೆಯನ್ನೂ ತೂರಲಿಲ್ಲ. ಆದರೆ ಕೂಸು ಅಳುತ್ತಿತ್ತು, ಅವಳಿಗೆ ಅವಸರ. ನೂತ ನೂಲಿಗೆ ಹುರಿ, ಅಂದರೆ ತಿರುಚು, ಬಿಗಿಯಾಗಿ ಬೀಳಲಿಲ್ಲ. ಉದ್ದನೆಯ ಅಕ್ಕಂದಿರು ಹೇಗೋ ಸುತ್ತಿಕೊಂಡು ನಿಂತರು. ಗಿಡ್ಡ ತಂಗಿಯರಿಗೆ ಹಿಡಿತ ಸಿಕ್ಕಿದ್ದು ಅಷ್ಟಕ್ಕಷ್ಟೆ. ಅಂಥ ನೂಲಿನಲ್ಲೇ ಲೋಕದ ಮೊದಲ ಚಾದರ ನೇಯ್ದಳು. ಕೂಸು ಅದರ ಮೇಲೆ ಮಲಗಿ ನಿದ್ದೆ ಹೋಯಿತು.

ನಿದ್ದೆಯಲ್ಲಿ ಉಚ್ಚೆಯನ್ನೂ ಹೊಯ್ಯಿತು. ಕೂಸುಗಳು ಆಗಲೂ ಹಾಗೇ ಇದ್ದವು.

ಬಾಳವ್ವ ಚಾದರವನ್ನೂ ಗಂಡನ ಕಂಬಳಿಯನ್ನೂ ಒಟ್ಟಿಗೆ ಸುತ್ತಿಕೊಂಡು ಹಳ್ಳಕ್ಕೆ ಹೋದಳು. ಎರಡನ್ನೂ ಒಂದೇ ಕಲ್ಲಿನ ಮೇಲೆ ಹಾಕಿ ಗಸಗಸ ಉಜ್ಜತೊಡಗಿದಳು.

“ಬಾಳವ್ವಾ, ಕಂಬಳಿ ಭಾಳ ಒರಟ ಐತಿ. ಬ್ಯಾರೆ ಬ್ಯಾರೆ ಒಗಿ,” ಎಂದಿತು ಹಳ್ಳ.

“ನಂಗೇನ ಹೇಳತಿ? ನಿನಗ ಇನ್ನಾ ನೆಟ್ಟಗ ಹರಿಯಾಕ ಬರಂಗಿಲ್ಲ!”

ಕಂಬಳಿ ತಿಕ್ಕಿದ ಹಾಗೆಲ್ಲ ಗಿಡ್ಡ ತಂಗಿಯರು ನೂಲಿನಿಂದ ಜಾರಿ ಚಾದರದ ಮೇಲಕ್ಕೆ ಬಂದರು. ಹೊರಗೆ ಯಾರ ಗುರುತೂ ಇಲ್ಲ. ಹೆದರಿ, ಪಕ್ಕದಲ್ಲಿ ಸಿಕ್ಕವರನ್ನು ತಬ್ಬಿಕೊಂಡರು. ತಿಕ್ಕಿದಷ್ಟೂ ಇನ್ನಷ್ಟು ಗಟ್ಟಿಯಾಗಿ ತಬ್ಬಿಕೊಂಡು ಉಂಡೆಯಾದರು. ಸಾಸಿವೆಯಷ್ಟು ಸಣ್ಣ ಸಣ್ಣ ಉಂಡೆಗಳು, ಚಾದರದ ತುಂಬ.

ಒಣಗಿಸಿ ಹಾಸಿದರೆ ಕೂಸು ಮತ್ತೆ ಅತ್ತಿತು. ಉಂಡೆಗಳು ಒತ್ತಿ ಬೆನ್ನು ಮತ್ತೆ ಕೆಂಪಾಯಿತು. ಬಾಳವ್ವನಿಗೆ ಸಿಟ್ಟು ನೆತ್ತಿಗೇರಿತು. ಕುಳಿತು ಒಂದೊಂದೇ ಉಂಡೆಯನ್ನು ಕಿತ್ತಳು, ಕಿತ್ತು ಬದಿಗೆ ಗುಡ್ಡೆ ಹಾಕಿದಳು. ಎದ್ದು ಬಿಸಿಲಿಗೆ ಹಿಡಿದರೆ ಚಾದರದೊಳಗಿಂದ ಆಚೆಯ ಬೇಲಿ ಕಾಣುತ್ತಿತ್ತು.

ಅಷ್ಟರಲ್ಲಿ ಗಾಳಿ ಒಳಗೆ ನುಗ್ಗಿತು. ಅದಕ್ಕೆ ಚಾಡಿ ಹೇಳುವ ಚಟ. ಗುಡ್ಡೆ ಕೆದರಿ ಒಂದು ಉಂಡೆ ಎತ್ತಿಕೊಂಡು ಹೋಗಿ ಹತ್ತಿಗಿಡದ ಮುಂದೆ ಹಾಕಿತು. “ನೋಡು ನಿನ್ನ ಬಾಳವ್ವನ ಕೆಲಸ!”

ಹತ್ತಿಗಿಡ ಅರಳಿದ್ದ ಕಾಯಿಗಳನ್ನೆಲ್ಲ ಮುಚ್ಚಿಕೊಂಡಿತು. ನೋಡನೋಡುತ್ತಿದ್ದಂತೆ ಬೆಳ್ಳಗಿದ್ದ ಹೊಲ ಬರೀ ಹಸಿರಾಯಿತು.

ಬಾಳವ್ವ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದಳು. ಕೈಯಲ್ಲಿದ್ದದ್ದು ತೂತಾಗಲಿರುವ ಚಾದರ, ಮನೆಯಲ್ಲಿ ಅಳುವ ಕೂಸು. ಇನ್ನು ಅರಳೆ ಇಲ್ಲ ಅಂದರೆ ಕೂಸು ಮತ್ತೆ ಹುಲ್ಲಿನ ಮೇಲೆಯೇ.

“ನಾ ತೂರಿಲ್ಲವ್ವಾ! ಅವು ತಾವ ಹೊರಗ ಬಂದಾವು!”

“ಅವು ತಾವ ಯಾಕ ಬರತಾವು? ನೀ ಉಜ್ಜಿ ಹೊರಗ ಹಾಕಿದಿ,” ಎಂದಿತು ಹತ್ತಿಗಿಡ. “ಈ ಉಂಡಿ ಬಿಡಿಸಿ ನೋಡು.”

ಬಾಳವ್ವ ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಗಿಡ್ಡ ಎಳೆಗಳ ನಡುವೆ ಒಂದು ಉದ್ದನೆಯ ಎಳೆ ಇತ್ತು.

“ಅಕ್ಕ ತಂಗಿ ಕೈ ಬಿಟ್ಟಿದ್ದಿಲ್ಲ. ನೀ ತಂಗೀನ್ನ ಜಗ್ಗಿದಿ, ಅಕ್ಕಾನೂ ಕಿತ್ತು ಬಂದ್ಲು. ಹಿಂಗ ಕಿತ್ತರ ಚಾದರ ಉಳೀತೈತೇನು?”

ಆ ಉದ್ದನೆಯ ಎಳೆ ನೋಡಿ ಬಾಳವ್ವನಿಗೆ ಅಳುವೇ ಬಂತು. ಮನೆಗೆ ಹೋಗಿ, ಕಿತ್ತ ಉಂಡೆಗಳನ್ನೆಲ್ಲ ಹುಡುಕಿ ಹುಡುಕಿ ಆಯ್ದಳು. ಅವನ್ನು ಬಿಡಿಸಿ, ಚಾದರದ ಅಂಚಿನ ತುಂಡೊಂದರಲ್ಲಿ ತುಂಬಿ, ಕೂಸಿಗೆ ಪುಟ್ಟ ತಲೆದಿಂಬು ಹೊಲಿದಳು. ಅಕ್ಕತಂಗಿಯರೆಲ್ಲರೂ ಒಂದೇ ಮನೆಯಲ್ಲಿ ಉಳಿದರು. ಅದನ್ನು ಕಂಡು ಹತ್ತಿಗಿಡ ಮತ್ತೆ ಕಾಯಿ ಅರಳಿಸಿತು.

ಎರಡನೆಯ ಚಾದರಕ್ಕೆ ಬಾಳವ್ವ ಅವಸರ ಮಾಡಲಿಲ್ಲ. ನೂಲಿಗೆ ಬಿಗಿಯಾಗಿ ಹುರಿ ಹಾಕಿದಳು. ಒಗೆಯುವಾಗ ಮೇಲ್ಮಗ್ಗುಲು ಒಳಗೆ ಬರುವಂತೆ ಮಡಿಸಿ, ಚಾದರವೊಂದನ್ನೇ ತಣ್ಣೀರಿನಲ್ಲಿ ಅದ್ದಿ, ಉಜ್ಜದೆ ನೀರಲ್ಲಿ ಆಡಿಸಿ ಅಲುಬಿ, ನೆರಳಿಗೆ ಹರವಿದಳು. ಆಗಲೂ ಅಲ್ಲೊಂದು ಇಲ್ಲೊಂದು ಉಂಡೆ ಬಂದೇ ಬಂತು. ಗಿಡ್ಡ ತಂಗಿಯರು ಅದರಲ್ಲೂ ಇದ್ದರಲ್ಲ. ಅವನ್ನು ಅವಳು ಕೀಳಲಿಲ್ಲ. ಹರಿತವಾದ ಚಿಪ್ಪಿನಿಂದ ಬುಡಕ್ಕೆ ಸರಿಯಾಗಿ ಕತ್ತರಿಸಿ ತಲೆದಿಂಬಿಗೆ ಸೇರಿಸಿದಳು.

ಈಗ ನಾವು ಚಾದರವನ್ನು ಟವೆಲ್ಲು, ಜೀನ್ಸ್ ಪ್ಯಾಂಟಿನ ಜೊತೆ ಮಷೀನಿಗೆ ತುರುಕಿ ಗರಗರ ತಿರುಗಿಸುತ್ತೇವಲ್ಲ, ಅದು ಬಾಳವ್ವ ಹಳ್ಳದಲ್ಲಿ ಮಾಡಿದ ಕೆಲಸವೇ. ಹಳ್ಳ ಈಗ ಬೇಡ ಅನ್ನುವುದಿಲ್ಲ, ಅದಕ್ಕೆ ಬಾಳವ್ವ ಬೈದದ್ದು ಇನ್ನೂ ನೆನಪಿದೆ.

ಅದಕ್ಕೇ ಇವತ್ತು ನಿನ್ನ ಚಾದರದ ಮೇಲೆ ಕೈಯಾಡಿಸಿದಾಗ ಸಿಗುವ ಪುಟ್ಟ ಉಂಡೆಯನ್ನು ಮೆಲ್ಲಗೆ ಎತ್ತಿದರೆ ಅದು ಸುಲಭಕ್ಕೆ ಬರುವುದಿಲ್ಲ. ಒಳಗಿನಿಂದ ಅಕ್ಕ ತಂಗಿಯ ಕೈ ಹಿಡಿದುಕೊಂಡಿರುತ್ತಾಳೆ.